ಇಷ್ಟದ ಆನಿಮೇಷನ್ ಸಿನಿಮಾಕ್ಕೆ ಎರಡನೇ ಭಾಗ ಬಂದರೆ ನೀವು ಏನು ನೋಡಿ ಮಕ್ಕಳನ್ನು ಕರೆದುಕೊಂಡು ಹೋಗುತ್ತೀರಿ?

ಕೇಳಿದವರು: ರಿಪ್ಪನ್‌ಪೇಟೆ ಹತ್ತಿರದ ಒಬ್ಬ ತಾಯಿ

ನಮ್ಮ ಮನೆಯಲ್ಲಿ ಇಬ್ಬರು ಮಕ್ಕಳು. ಮಗಳಿಗೆ 11, ಮಗನಿಗೆ 6. ಇಬ್ಬರಿಗೂ 'ಮೊಆನಾ' ಅಂದರೆ ಪ್ರಾಣ, ದ್ವೀಪದ ಹುಡುಗಿಯೊಬ್ಬಳು ದೋಣಿಯಲ್ಲಿ ಸಮುದ್ರಕ್ಕೆ ಹೊರಡುವ ಸಿನಿಮಾ. ತೋಟದಲ್ಲಿ ಅಡಿಕೆ ಹಾಳೆ ಬಿದ್ದರೆ ಸಾಕು, ಒಬ್ಬರು ಅದರ ಮೇಲೆ ಕೂರುತ್ತಾರೆ, ಇನ್ನೊಬ್ಬರು ಎಳೆಯುತ್ತಾರೆ. ನಾವು ಚಿಕ್ಕವರಿದ್ದಾಗ ಅದು ನಮಗೆ ಗಾಡಿ ಆಗಿತ್ತು. ಇವರಿಗೆ ದೋಣಿ. ಅಂಗಳವೇ ಸಮುದ್ರ.

2024ರ ಕೊನೆಯಲ್ಲಿ ಎರಡನೇ ಭಾಗ ಬಂದಾಗ ಮನೆಯಲ್ಲಿ ಕೊಯ್ಲಿನ ಗಡಿಬಿಡಿ. ಆದರೂ ಒಂದು ಭಾನುವಾರ ಬಿಡುವು ಮಾಡಿಕೊಂಡು ಶಿವಮೊಗ್ಗಕ್ಕೆ ಹೋದೆವು. ಬಸ್ಸು, ಟಿಕೆಟ್ಟು, ಊಟ, ಪಾಪ್‌ಕಾರ್ನ್ ಎಲ್ಲ ಸೇರಿ ನಾಲ್ಕು ಜನಕ್ಕೆ ಎರಡು ಸಾವಿರದ ಹತ್ತಿರ ಆಯಿತು. ದುಡ್ಡಿನ ಬಗ್ಗೆ ಬೇಜಾರಿಲ್ಲ. ವಾಪಸ್ ಬರುವಾಗ ಮಗಳು ಕಿಟಕಿ ಕಡೆ ಮುಖ ಮಾಡಿ ಕೂತಿದ್ದಳು. ಆಯನೂರು ದಾಟಿದ ಮೇಲೆ ತಿರುಗಿ, "ಅಮ್ಮಾ, ಚೆನ್ನಾಗಿತ್ತು. ಆದ್ರೆ ಯಾಕೆ ಮಾಡಿದ್ರು?" ಅಂದಳು.

ನನಗೆ ಉತ್ತರ ಹೊಳೆಯಲಿಲ್ಲ. ಬಣ್ಣ ಇತ್ತು, ಸಮುದ್ರ ಇತ್ತು, ಮೊಆನಾಳ ಜೊತೆಗಾರ ಮಾವಿಯೂ ಇದ್ದ. ಏನೋ ಒಂದು ಇರಲಿಲ್ಲ. ಪೇಪರ್‌ನಲ್ಲಿ ನೋಡಿದರೆ ಜಗತ್ತಿನಲ್ಲೆಲ್ಲ ಸೇರಿ ನೂರು ಕೋಟಿ ಡಾಲರ್ ದಾಟಿದೆ, ಭಾರಿ ಗೆಲುವು ಅಂತ ಬರೆದಿದ್ದರು.

ಈಗ ಒಂದಾದ ಮೇಲೊಂದು ಎರಡನೇ, ಮೂರನೇ ಭಾಗಗಳೇ ಬರುತ್ತಿವೆ. ಹೋಗುವ ಮುಂಚೆ ಒಳ್ಳೆಯದಾ ಅಲ್ಲವಾ ಅಂತ ಹೇಗೆ ತಿಳಿಯುವುದು? ನೋಡಿದ ಮೇಲಾದರೂ ಗೆದ್ದಿತಾ ಸೋತಿತಾ ಅಂತ ನೀವು ಯಾವುದರ ಮೇಲೆ ಹೇಳುತ್ತೀರಿ? ನಿಮ್ಮ ಮನೆಯ ಅನುಭವ ಇದ್ದರೆ ದಯವಿಟ್ಟು ಹೇಳಿ.

ಸಾಗರದ ಒಬ್ಬ ತಂದೆ

ನಿಮ್ಮ ಮಗಳು ಕೇಳಿದ್ದೇ ಸರಿಯಾದ ಪ್ರಶ್ನೆ ತಂಗಿ. ಯಾಕೆ ಮಾಡಿದರು ಅನ್ನುವುದಕ್ಕೆ ಸಿನಿಮಾದ ಒಳಗೇ ಉತ್ತರ ಸಿಗಬೇಕು.

ನನ್ನ ಮಗ ಹುಟ್ಟಿದ್ದು 1993ರಲ್ಲಿ. 'ಟಾಯ್ ಸ್ಟೋರಿ' ಬಂದಿದ್ದು 1995ರಲ್ಲಿ. ಪೂರ್ತಿ ಕಂಪ್ಯೂಟರಿನಲ್ಲೇ ತಯಾರಾದ ಮೊದಲ ಪೂರ್ಣ ಪ್ರಮಾಣದ ಚಿತ್ರ ಅದು. ಸಾಗರದಲ್ಲಿದ್ದ ನಮಗೆ ಸಿಕ್ಕಿದ್ದು ಎಷ್ಟೋ ವರ್ಷ ತಡವಾಗಿ, ಬಾಡಿಗೆ ಸಿಡಿಯಲ್ಲಿ. ಮಗನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ನಾನು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತಿದ್ದೆ. ಆಮೇಲೆ ಎರಡನೇ ಭಾಗದ ಸಿಡಿಯೂ ಸಿಕ್ಕಿತು. ಅದರಲ್ಲಿ ಜೆಸ್ಸಿ ಅಂತ ಒಂದು ಗೊಂಬೆ. ಅದರ ಹುಡುಗಿ ದೊಡ್ಡವಳಾಗುತ್ತಾಳೆ, ಗೊಂಬೆ ಮಂಚದ ಕೆಳಗೆ ಬಿದ್ದು ಮರೆತೇ ಹೋಗುತ್ತದೆ. ತನ್ನ ಒಡೆಯ, ಆಂಡಿ ಅನ್ನುವ ಹುಡುಗನೂ ಹೀಗೇ ದೊಡ್ಡವನಾಗುತ್ತಾನೆ ಅಂತ ಕಥೆಯ ಮುಖ್ಯ ಗೊಂಬೆ ವುಡಿಗೆ ಆಗಲೇ ಗೊತ್ತಾಗಿಬಿಡುತ್ತದೆ. ಗೊತ್ತಿದ್ದೂ ಅವನು ಆಂಡಿಯ ಮನೆಗೇ ವಾಪಸ್ ಹೋಗುತ್ತಾನೆ. ಅಲ್ಲಿ ಒಂದು ಬಾಕಿ ಉಳಿಯಿತು.

ಮೂರನೇ ಭಾಗ ಬಂದಿದ್ದು 2010ರಲ್ಲಿ, 11 ವರ್ಷ ಬಿಟ್ಟು. ಆಂಡಿ ಕಾಲೇಜಿಗೆ ಹೊರಟಿದ್ದಾನೆ. ನಾವು ಅದನ್ನು ನೋಡಿದ್ದು ಮರುವರ್ಷ, ನನ್ನ ಮಗ ಪಿಯುಸಿ ಮುಗಿಸಿ ಇಂಜಿನಿಯರಿಂಗ್‌ಗೆ ಬೆಂಗಳೂರಿಗೆ ಹೊರಡುವ ಹಿಂದಿನ ವಾರ. ಕೊನೆಯಲ್ಲಿ ಆಂಡಿ ತನ್ನ ಗೊಂಬೆಗಳನ್ನು ಒಂದೊಂದಾಗಿ ಪರಿಚಯ ಮಾಡಿಸಿ ಬಾನಿ ಅನ್ನುವ ಪುಟ್ಟ ಹುಡುಗಿಗೆ ಕೊಡುತ್ತಾನೆ. ವುಡಿಯ ಸರದಿ ಬಂದಾಗ ಕೈ ತಾನಾಗಿ ಹಿಂದಕ್ಕೆ ಹೋಗುತ್ತದೆ. ನನ್ನ ಮಗ ಎದ್ದು ಜಗಲಿಗೆ ಹೋದ. ನಾನೂ ಹಿಂದೆ ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಅವನೇ ಅಟ್ಟ ಹತ್ತಿ ಆಟದ ಸಾಮಾನಿನ ಡಬ್ಬ ಇಳಿಸಿದ. ಧೂಳು ಒರೆಸಿ ಪಕ್ಕದ ಮನೆಯ ಮಾಣಿಗೆ ಕೊಟ್ಟ. ಒಂದು ಮರದ ಎತ್ತಿನಗಾಡಿ ಮಾತ್ರ ತಾನು ಇಟ್ಟುಕೊಂಡ. ಅದು ಈಗಲೂ ಬೆಂಗಳೂರಿನ ಅವನ ಮನೆಯಲ್ಲಿ ಟಿವಿ ಪಕ್ಕ ಇದೆ.

ಆದ್ದರಿಂದ ನಾನು ಮೊದಲು ನೋಡುವುದು ಇದೇ. ಹಿಂದಿನ ಚಿತ್ರ ಏನಾದರೂ ಬಾಕಿ ಉಳಿಸಿತ್ತಾ? ಘಟನೆಯಲ್ಲಲ್ಲ, ಮನಸ್ಸಿನಲ್ಲಿ. 'ಮೊಆನಾ' ಮೊದಲ ಭಾಗ ಲೆಕ್ಕ ಪೂರ್ತಿ ಚುಕ್ತಾ ಮಾಡಿಯೇ ಮುಗಿದಿತ್ತು. ಅಜ್ಜಿ ಹೇಳಿದ್ದು ನಿಜವಾಯಿತು, ಊರಿನವರೆಲ್ಲ ಮತ್ತೆ ದೋಣಿ ಹತ್ತಿದರು. ಅಲ್ಲಿಂದ ಮುಂದೆ ಕಥೆ ಬೇಕು ಅಂದರೆ ಹೊಸದಾಗಿ ಸಾಲ ಮಾಡಬೇಕಿತ್ತು.

ಭದ್ರಾವತಿಯಿಂದ, ನರ್ಸ್ ಆಗಿರುವ ಒಬ್ಬರು

ಕಥೆಯ ವಿಷಯ ಬೇರೆಯವರು ಹೇಳುತ್ತಾರೆ. ನನ್ನದು ಒಂದೇ ಮಾತು. 2018ರ 'ಇನ್‌ಕ್ರೆಡಿಬಲ್ಸ್ 2'ರಲ್ಲಿ ಬೆಳಕು ಪಟಪಟ ಹೊಡೆಯುವ ದೃಶ್ಯಗಳಿವೆ. ಫಿಟ್ಸ್ ಇರುವವರಿಗೆ ಅಪಾಯ ಅಂತ ಅಮೆರಿಕದ ಥಿಯೇಟರ್‌ಗಳಲ್ಲಿ ಎಚ್ಚರಿಕೆಯ ಬೋರ್ಡ್ ಹಾಕಿದ್ದರು. ಮೊದಲ ಭಾಗ ನೋಡಿದಾಗ ಏನೂ ಆಗಲಿಲ್ಲ ಅಂತ ಎರಡನೇದಕ್ಕೂ ಅದೇ ಧೈರ್ಯ ಬೇಡ. ಅಂಥ ಮಗು ಮನೆಯಲ್ಲಿದ್ದರೆ ಮೊದಲು ದೊಡ್ಡವರು ಒಬ್ಬರು ನೋಡಿ ಬನ್ನಿ.

ತೀರ್ಥಹಳ್ಳಿಯವನು, ಬೆಂಗಳೂರಿನಲ್ಲಿ ಆನಿಮೇಷನ್ ಕೆಲಸ

ಮೇಡಂ, ನಿಮಗೆ ಅನಿಸಿದ "ಏನೋ ಇರಲಿಲ್ಲ" ಎನ್ನುವುದಕ್ಕೆ ಒಂದು ಹಿನ್ನೆಲೆ ಇದೆ. 'ಮೊಆನಾ 2' ಶುರುವಾಗಿದ್ದೇ ಸಿನಿಮಾ ಆಗಿ ಅಲ್ಲ. ಡಿಸ್ನಿಯವರು ಮೊದಲು ಅದನ್ನು ಓಟಿಟಿಗೆ ಕಂತುಗಳಲ್ಲಿ ಬರುವ ಸರಣಿಯಾಗಿ ಮಾಡುತ್ತಿದ್ದರು. 2024ರ ಫೆಬ್ರವರಿಯಲ್ಲಿ ಇದು ಸಿನಿಮಾ ಅಂತ ಘೋಷಿಸಿ, ನವೆಂಬರ್‌ನಲ್ಲಿ ಬಿಡುಗಡೆ ಮಾಡಿದರು. ದೋಣಿಯಲ್ಲಿ ಮೂವರು ಹೊಸಬರು ಬಂದರಲ್ಲ, ಸರಣಿಯಾಗಿದ್ದರೆ ಒಬ್ಬೊಬ್ಬರಿಗೂ ಒಂದೊಂದು ಕಂತು ಸಿಗುತ್ತಿತ್ತೇನೋ. ನೂರು ನಿಮಿಷದಲ್ಲಿ ಅವರು ಸುಮ್ನೆ ದೋಣಿಯಲ್ಲಿ ಕೂತಿದ್ದ ಹಾಗೆ ನನಗೆ ಕಂಡಿತು. ಹಾಡುಗಳೂ ಬೇರೆ ಕೈಯವು. ಮೊದಲನೆಯದಕ್ಕೆ ಹಾಡು ಬರೆದ ಲಿನ್-ಮ್ಯಾನುಯೆಲ್ ಮಿರಾಂಡಾ ಎರಡನೇದಕ್ಕೆ ಬರೆದಿಲ್ಲ.

ಹಾಗಂತ ಇದನ್ನೇ ನಿಯಮ ಮಾಡಿಕೊಳ್ಳಬೇಡಿ. ಸಾಗರದ ಸರ್ ಹೇಳಿದ 'ಟಾಯ್ ಸ್ಟೋರಿ 2' ಕೂಡ ಹೀಗೇ ಶುರುವಾದದ್ದು. ಥಿಯೇಟರಿಗೆ ಅಂತ ಅಲ್ಲ, ನೇರವಾಗಿ ವಿಡಿಯೋ ಕ್ಯಾಸೆಟ್ ಮಾರಲಿಕ್ಕೆ. ಆಮೇಲೆ ಥಿಯೇಟರಿಗೆ ಅಂತ ಆಯಿತು. ಬಿಡುಗಡೆಗೆ ಸುಮಾರು ಒಂಬತ್ತು ತಿಂಗಳು ಉಳಿದಿರುವಾಗ ಕಥೆಯಲ್ಲಿ ಜೀವ ಇಲ್ಲ ಅಂತ ಬಹುಪಾಲು ಒಡೆದು ಮತ್ತೆ ಕಟ್ಟಿದರು. ಕೈ ನೋವು ಬಂದು ಕೂರುವಷ್ಟು ದುಡಿದವರಿದ್ದಾರೆ. ಅದಕ್ಕೂ ಮುಂಚೆ ಒಮ್ಮೆ ಕಂಪ್ಯೂಟರಿಗೆ ತಪ್ಪು ಕಮಾಂಡ್ ಹೋಗಿ ಚಿತ್ರದ ಹೆಚ್ಚಿನ ಭಾಗ ಅಳಿಸಿಯೇ ಹೋಗಿತ್ತು. ಗೇಲಿನ್ ಸಸ್ಮನ್ ಅನ್ನುವವರು ಮಗು ಹುಟ್ಟಿದ ಮೇಲೆ ಮನೆಯಿಂದ ಕೆಲಸ ಮಾಡುತ್ತಿದ್ದರು. ಅವರ ಮನೆಯ ಕಂಪ್ಯೂಟರಿನಲ್ಲಿ ಒಂದು ಪ್ರತಿ ಇತ್ತು. ಅದರಿಂದ ಸಿನಿಮಾ ಉಳಿಯಿತು. ನಾನು ಈ ಕೆಲಸಕ್ಕೆ ಬಂದ ಮೇಲೆ ಆ ಚಿತ್ರವನ್ನು ನೋಡುವಾಗಲೆಲ್ಲ ಇದು ನೆನಪಾಗಿ ಕೈ ಮುಗಿಯುವ ಹಾಗಾಗುತ್ತದೆ. ಸಣ್ಣ ತೆರೆಗೆ ಅಂತ ಶುರುವಾದದ್ದು ತಪ್ಪಲ್ಲ. ಒಡೆಯಬೇಕಾದಾಗ ಒಡೆಯುವ ಧೈರ್ಯ ಇತ್ತಾ ಅನ್ನುವುದು ಮುಖ್ಯ.

ಅದೇ ನಿರ್ದೇಶಕರು ಇದ್ದರೆ ಚೆನ್ನಾಗಿರುತ್ತದೆ ಅಂತ ಜಾಸ್ತಿ ಜನ ಹೇಳುತ್ತಾರೆ. ನಾನೂ ನಂಬಿದ್ದೆ. ಆದರೆ 'ಕಾರ್ಸ್'ನ ಮೊದಲ ಎರಡೂ ಜಾನ್ ಲ್ಯಾಸೆಟರ್ ಅವರವೇ. 2011ರ ಎರಡನೇದು ಸಪ್ಪೆ. ಆನಿಮೇಷನ್ ಚಿತ್ರಕ್ಕೆ ಆಸ್ಕರ್ ವಿಭಾಗ ಶುರುವಾದ ಮೇಲೆ ಅದನ್ನು ಮಾಡಿದ ಪಿಕ್ಸರ್ ಸ್ಟುಡಿಯೋದ ಒಂದು ಚಿತ್ರ ನಾಮನಿರ್ದೇಶನವೂ ಆಗದೆ ಉಳಿದದ್ದು ಅದೇ ಮೊದಲು. ಇನ್ನೊಂದು ಕಡೆ 'ಇನ್‌ಸೈಡ್ ಔಟ್' ಮೊದಲನೆಯದು ಪೀಟ್ ಡಾಕ್ಟರ್ ಅವರದು, ಎರಡನೇದು ಕೆಲ್ಸಿ ಮ್ಯಾನ್ ಅವರದು. ಕೈ ಬದಲಾದರೂ ಚೆನ್ನಾಗಿ ಬಂತು.

'ಕಾರ್ಸ್ 2' ಸೋತದ್ದಕ್ಕೆ ನನ್ನ ಲೆಕ್ಕದಲ್ಲಿ ಕಾರಣ ಮೇಟರ್. ಮೊದಲನೆಯದರಲ್ಲಿ ಅವನು ಪಕ್ಕದ ಪಾತ್ರ, ನಗಿಸುವವನು. ಎರಡನೇದರಲ್ಲಿ ಅವನನ್ನೇ ನಾಯಕ ಮಾಡಿ ಗೂಢಚಾರರ ಕಥೆ ಹೊಲಿದರು. ಅಪ್ಪೆಮಿಡಿ ಎಷ್ಟು ರುಚಿಯಾಗಿದ್ದರೂ ಅನ್ನದ ಜಾಗದಲ್ಲಿ ಬಡಿಸಲು ಆಗುವುದಿಲ್ಲ. ಆದರೆ ನೋಡಿ, 'ಫೈಂಡಿಂಗ್ ನೀಮೋ'ದ ಡೋರಿ ಅನ್ನುವ ಮೀನೂ ಪಕ್ಕದ ಪಾತ್ರವೇ. 2016ರಲ್ಲಿ ಅವಳಿಗೇ ಒಂದು ಚಿತ್ರ ಮಾಡಿದರು, ನಿಂತಿತು. ಯಾಕೆಂದರೆ 2003ರ ಮೊದಲ ಚಿತ್ರದಲ್ಲೇ ಅವಳ ಮರೆವಿನ ಹಿಂದೆ ಒಂದು ನೋವಿತ್ತು. ತನ್ನ ಅಪ್ಪ ಅಮ್ಮ ಎಲ್ಲಿ ಅಂತ ಅವಳಿಗೆ ಗೊತ್ತಿರಲಿಲ್ಲ, ನಾವು ನಕ್ಕು ಮುಂದೆ ಹೋಗಿದ್ದೆವು. ಸಾಗರದ ಸರ್ ಹೇಳುವ ಬಾಕಿ ಅದೇ.

ಟ್ರೇಲರ್ ನೋಡುವಾಗ ಒಂದು ಗಮನಿಸಿ. ಮೊದಲನೆಯದರ ತಮಾಷೆಗಳನ್ನೇ ಮತ್ತೆ ಮತ್ತೆ ತೋರಿಸುತ್ತಿದ್ದರೆ ಓಟಿಟಿಗೆ ಬರುವ ತನಕ ಕಾಯಿರಿ.

ಕೇಳಿದವರು

ಡೋರಿಯ ಮಾತು ಓದಿ ನಿಜವಾಗಿಯೂ ಕಣ್ಣು ತೇವವಾಯಿತು. ನಾವೂ ನಕ್ಕವರೇ. ಮಗನಿಗೆ 6 ವರ್ಷ ಮಾತ್ರ. ಸಾವು, ಭಯ ಇರುವ ದೃಶ್ಯಗಳ ಬಗ್ಗೆಯೂ ಯಾರಾದರೂ ಹೇಳಿ.

ಆಗುಂಬೆ ಕಡೆಯ ಒಬ್ಬ ತಾಯಿ

ನಾವು ಆಗುಂಬೆಯಿಂದ ಸ್ವಲ್ಪ ಒಳಗೆ. ಥಿಯೇಟರ್ ನಮಗೆ ದೂರದ ಮಾತು. ಓಟಿಟಿಗೆ ಬಂದ ಮೇಲೆ ನೋಡುವುದು, ಅದೂ ಕರೆಂಟ್ ಇದ್ದರೆ.

ಒಂದು ವರ್ಷ ಜುಲೈಯಲ್ಲಿ ಮಳೆ ಜಾಸ್ತಿ ಅಂತ ಶಾಲೆಗೆ ರಜೆ ಕೊಟ್ಟಿದ್ದರು. ಮಗನಿಗೆ ಆಗ 8. 'ಹೌ ಟು ಟ್ರೈನ್ ಯುವರ್ ಡ್ರ್ಯಾಗನ್' ಮೊದಲ ಭಾಗ ಅವನಿಗೆ ಬಾಯಿಪಾಠ. ಹಿಕಪ್ ಅನ್ನುವ ಹುಡುಗ, ಟೂತ್‌ಲೆಸ್ ಅನ್ನುವ ಕಪ್ಪು ಡ್ರ್ಯಾಗನ್, ಅವರಿಬ್ಬರ ಸ್ನೇಹ. ಅವತ್ತು 2014ರ ಎರಡನೇ ಭಾಗ ಹಾಕಿದೆವು. ಹಿಕಪ್‌ಗೆ ಅದರಲ್ಲಿ 20 ವರ್ಷ. ತೀರಿಹೋದಳು ಅಂದುಕೊಂಡಿದ್ದ ಅಮ್ಮ ಸಿಗುತ್ತಾಳೆ. ಅಪ್ಪ ಅಷ್ಟು ವರ್ಷದ ಮೇಲೆ ಅವಳ ಎದುರು ನಿಂತು ಹಳೇ ಹಾಡು ಹಾಡುತ್ತಾನೆ. ಅಡುಗೆಮನೆಯಲ್ಲಿದ್ದ ನಮ್ಮ ಅತ್ತೆ ಸೌಟು ಹಿಡಿದುಕೊಂಡೇ ಬಂದು ಬಾಗಿಲಲ್ಲಿ ನಿಂತರು. ಅವರಿಗೆ ಭಾಷೆ ಅರ್ಥವಾಗದಿದ್ದರೂ ಅದೇನು ಅಂತ ಅರ್ಥವಾಗಿತ್ತು.

ಆಮೇಲೆ ಸ್ವಲ್ಪ ಹೊತ್ತಿಗೆ ದುಷ್ಟನ ಕಡೆಯ ದೊಡ್ಡ ಡ್ರ್ಯಾಗನ್ ಟೂತ್‌ಲೆಸ್‌ನ ಬುದ್ಧಿಯನ್ನು ವಶ ಮಾಡಿಕೊಳ್ಳುತ್ತದೆ. ಟೂತ್‌ಲೆಸ್ ಹಿಕಪ್‌ನ ಮೇಲೆಯೇ ಬೆಂಕಿ ಉಗುಳುತ್ತದೆ. ಅಪ್ಪ ಮಗನನ್ನು ಪಕ್ಕಕ್ಕೆ ತಳ್ಳಿ ತಾನು ಸಾಯುತ್ತಾನೆ. ಅಷ್ಟಕ್ಕೆ ಕರೆಂಟ್ ಹೋಯಿತು. ಎಲ್ಲೋ ಮರ ಬಿದ್ದಿತ್ತು. ಎರಡು ದಿನ ಬರಲಿಲ್ಲ.

ಆ ಎರಡು ದಿನ ಮಗನನ್ನು ನೋಡಲು ಆಗುತ್ತಿರಲಿಲ್ಲ. ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ತಾನೇ ಬರೆದಿದ್ದ ಟೂತ್‌ಲೆಸ್ ಚಿತ್ರದ ಮೇಲೆ ಪೆನ್ಸಿಲಿನಿಂದ ಗೀಚಿದ. ರಾತ್ರಿ ಅತ್ತೆ ಅವನನ್ನು ಒಲೆ ಮುಂದೆ ಕೂರಿಸಿಕೊಂಡು ಹಲಸಿನ ಬೀಜ ಸುಡುತ್ತಿದ್ದರು. "ಅದರ ಬುದ್ಧಿ ಅದರ ಕೈಯಲ್ಲಿ ಇರಲಿಲ್ಲ ಅಲ್ವನಾ ಮಗಾ. ಈಗ ಅದಕ್ಕೆ ಎಷ್ಟು ಸಂಕಟ ಆಗ್ತಿರಬೇಡ" ಅಂದರು. ಅವನು ಬಹಳ ಹೊತ್ತು ಬೀಜದ ಸಿಪ್ಪೆ ಸುಲಿಯುತ್ತಾ ಕೂತ. ಆಮೇಲೆ, "ಹಂಗಾದ್ರೆ ಹಿಕಪ್ಪೇ ಹೋಗಿ ಅದನ್ನ ವಾಪಸ್ ಕರ್ಕೊಂಡ್ ಬರ್ಬೇಕು" ಅಂದ.

ಮೂರನೇ ದಿನ ಉಳಿದದ್ದು ನೋಡಿದೆವು. ಹಿಕಪ್ ಮಾಡುವುದು ಅದನ್ನೇ. ಮಗ ಚಾಪೆ ಮೇಲೆ ಎದ್ದು ನಿಂತುಬಿಟ್ಟ.

ಅವತ್ತಿನಿಂದ ನಾನು ಬೇಕಂತಲೇ ಅರ್ಧಕ್ಕೆ ನಿಲ್ಲಿಸುತ್ತೇನೆ. ಮುಂದಿನದನ್ನು ಮರುದಿನ ನೋಡುವುದು. ಮಧ್ಯೆ ಮಕ್ಕಳು ಏನು ಮಾತಾಡುತ್ತಾರೆ ಅಂತ ಕೇಳುತ್ತಿರುತ್ತೇನೆ. 'ಫ್ರೋಜನ್ 2' ನಿಲ್ಲಿಸಿದಾಗ ನನ್ನ ತಂಗಿಯ ಮಗಳು ಎಲ್ಸಾ ಅನ್ನುವ ರಾಣಿಗೆ ಹಿಮದ ಶಕ್ತಿ ಎಲ್ಲಿಂದ ಬಂತು ಅಂತ ತಾನೇ ಒಂದು ಕಥೆ ಕಟ್ಟಿದಳು. ಮರುದಿನ ಸಿನಿಮಾ ಮುಗಿದ ಮೇಲೆ, "ದೊಡ್ಡಮ್ಮಾ, ನಂದೇ ಚೆನ್ನಾಗಿತ್ತು" ಅಂದಳು. ನನಗೂ ಹಾಗೇ ಅನಿಸಿತು. ಆ ಪ್ರಶ್ನೆಗೆ ಉತ್ತರ ಕೊಡದೆ ಬಿಟ್ಟಿದ್ದರೇ ಚೆಂದವಿತ್ತು.

ನಿಮ್ಮ ಮಗನ ವಿಷಯ: ಡ್ರ್ಯಾಗನ್ ಎರಡನೇದನ್ನು 6 ವರ್ಷಕ್ಕೆ ತೋರಿಸಬೇಡಿ, ಅಥವಾ ಅಪ್ಪ ಸಾಯುವ ಜಾಗದಲ್ಲಿ ಮಾತ್ರ ನಿಲ್ಲಿಸಬೇಡಿ. ಯಾರು ಸಾಯುತ್ತಾರೆ, ಯಾವಾಗ ಸಾಯುತ್ತಾರೆ ಅಂತ ದೊಡ್ಡವರು ಮೊದಲೇ ತಿಳಿದುಕೊಂಡು ಕೂರಬೇಕು. ಕಥೆ ಗೊತ್ತಾಗಿಬಿಡುತ್ತದೆ ಅಂತ ನಾವು ಹಿಂಜರಿಯುವುದು ಬೇಡ. ಆ ಹೊತ್ತಿಗೆ ನಮ್ಮ ಮಡಿಲು ಖಾಲಿ ಇರಬೇಕು, ಅಷ್ಟೆ.

ಹೊಸನಗರದ ಕಡೆಯ ತಾಳಮದ್ದಲೆ ಅರ್ಥಧಾರಿ

ಈ ಸಿನಿಮಾಗಳು ನನಗೆ ಮೊಮ್ಮಕ್ಕಳಿಂದ ಪರಿಚಯ. ಆದರೆ ನೀವು ಕೇಳಿದ ಪ್ರಶ್ನೆ ನನಗೆ ಹೊಸದಲ್ಲ. 30 ವರ್ಷದಿಂದ ತಾಳಮದ್ದಲೆಯಲ್ಲಿ, ಅಂದರೆ ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದಲ್ಲಿ, ಅರ್ಥ ಹೇಳುತ್ತಿದ್ದೇನೆ. ಅಲ್ಲಿ ಯಾರೂ ಇದು ಎರಡನೇ ಭಾಗವಾ ಅಂತ ಕೇಳುವುದಿಲ್ಲ. ರಾಮ, ಕೃಷ್ಣ, ಅರ್ಜುನ ಎಲ್ಲರೂ ಹಳಬರೇ. ಮುಂದೆ ಏನಾಗುತ್ತದೆ ಅಂತಲೂ ಎಲ್ಲರಿಗೂ ಗೊತ್ತು. ಜನ ನಿದ್ದೆಗೆಟ್ಟು ಕೂರುವುದು, ಆ ಹಳೇ ಪಾತ್ರಕ್ಕೆ ಇವತ್ತು ಎಂಥ ಇಕ್ಕಟ್ಟು ಬಂತು, ಅದಕ್ಕೆ ಏನು ಮಾತಾಡಿತು ಅಂತ ಕೇಳಲಿಕ್ಕೆ.

ಬಬ್ರುವಾಹನ ಕಾಳಗವನ್ನೇ ತೆಗೆದುಕೊಳ್ಳಿ. ಲಕ್ಷ್ಮೀಶನ ಜೈಮಿನಿ ಭಾರತದ ಕಥೆ. ಕುರುಕ್ಷೇತ್ರ ಮುಗಿದಿದೆ, ಅರ್ಜುನ ಗೆದ್ದಾಗಿದೆ. ಅಲ್ಲಿಗೇ ನಿಲ್ಲಿಸಬಹುದಿತ್ತು. ಅಶ್ವಮೇಧದ ಕುದುರೆಯ ಹಿಂದೆ ಹೋದ ಅರ್ಜುನನಿಗೆ ಎದುರಾಗುವುದು ಎಂದೋ ಬಿಟ್ಟುಬಂದ ಚಿತ್ರಾಂಗದೆಯ ಮಗ. ಅವನು ಕಾಣಿಕೆ ಹಿಡಿದು ಕಾಲಿಗೆ ಬೀಳಲು ಬರುತ್ತಾನೆ. ಅರ್ಜುನ ಅವನ ಹುಟ್ಟನ್ನೇ ಹಳಿಯುತ್ತಾನೆ. ಅದೇ ಅರ್ಜುನ, ಅದೇ ಗಾಂಡೀವ. ಆದರೆ ಕುರುಕ್ಷೇತ್ರದಲ್ಲಿ ಗೆಲ್ಲಿಸಿದ ಶೌರ್ಯ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಮಗನ ಬಾಣಕ್ಕೇ ಬೀಳುತ್ತಾನೆ.

ನಾನು ನೋಡುವುದು ಇದನ್ನು. ಮೊದಲ ಸಲ ಗೆಲ್ಲಿಸಿದ ಗುಣ ಎರಡನೇ ಸಲ ಸಾಲದೆ ಬರಬೇಕು. ಮೊಮ್ಮಗನ ಜೊತೆ 'ಕುಂಗ್ ಫು ಪಾಂಡಾ' ನೋಡಿದ್ದೇನೆ. ಮೊದಲನೆಯದರಲ್ಲಿ ಆ ಪಾಂಡಾ ತನ್ನ ದೊಡ್ಡ ಹೊಟ್ಟೆ, ತನ್ನ ಉತ್ಸಾಹದಿಂದಲೇ ಗೆದ್ದ. 2011ರ ಎರಡನೇದರಲ್ಲಿ ಎದುರಿರುವುದು ತೋಪುಗಳನ್ನು ಇಟ್ಟುಕೊಂಡ ನವಿಲು. ಅದಕ್ಕಿಂತ ದೊಡ್ಡದು ಒಳಗಿನ ಪ್ರಶ್ನೆ. ನನ್ನ ಅಪ್ಪ ಹೆಬ್ಬಾತು, ನಾನು ಪಾಂಡಾ, ಹಾಗಾದರೆ ನಾನು ಯಾರು? ಹೊಟ್ಟೆಯಿಂದ ಅದನ್ನು ಗೆಲ್ಲಲು ಆಗುವುದಿಲ್ಲ. ಎಲ್ಲ ತಿಳಿದ ಮೇಲೆ ಮನೆಗೆ ಬಂದು, ಸಾಕಿದ ಆ ಅಪ್ಪನಿಗೆ ನಾನು ನಿಮ್ಮ ಮಗ ಅಂತ ಹೇಳುತ್ತಾನೆ. ನಿರ್ದೇಶಕಿ ಜೆನಿಫರ್ ಯು ನೆಲ್ಸನ್. ಅಂಥ ಮಾತನ್ನು ಅಷ್ಟು ಕಡಿಮೆ ಮಾತಿನಲ್ಲಿ ಹೇಳುವುದು ಎಷ್ಟು ಕಷ್ಟ ಅಂತ ಅರ್ಥ ಹೇಳುವ ನನಗೆ ಗೊತ್ತು.

2024ರ ನಾಲ್ಕನೇದರಲ್ಲಿ ಅವನ ಐದು ಜನ ಜೊತೆಗಾರರು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಮೊಮ್ಮಗ "ಅಜ್ಜಯ್ಯ, ಅವರೆಲ್ಲ ಎಲ್ಲಿ ಹೋದ್ರು" ಅಂತ ಕೇಳುತ್ತಲೇ ಇದ್ದ. ಹಿಮ್ಮೇಳ ಇಲ್ಲದೆ ಅರ್ಥ ಹೇಳಿದ ಹಾಗಿತ್ತು.

ಶಿವಮೊಗ್ಗದ ಕಾಲೇಜು ವಿದ್ಯಾರ್ಥಿನಿ

ಹಿರಿಯರು ಹೇಳಿದ ಬಾಕಿಯ ಲೆಕ್ಕ ನನಗೆ ಪೂರ್ತಿ ಒಪ್ಪಿಗೆ ಆಗಲಿಲ್ಲ. 'ಪುಸ್ ಇನ್ ಬೂಟ್ಸ್' ಮೊದಲನೆಯದು 2011ರದು, ನನಗೆ ಸರಿಯಾಗಿ ನೆನಪೂ ಇಲ್ಲ. 2022ರ ಎರಡನೇದು ನಾನು ನೋಡಿದ ಆನಿಮೇಷನ್‌ಗಳಲ್ಲೇ ಉತ್ತಮ. ಯಾವ ಬಾಕಿ ಇತ್ತು ಅದಕ್ಕೆ? ಬೆಕ್ಕಿಗೆ ಒಂಬತ್ತು ಜೀವ. ಎಂಟನ್ನು ಉಡಾಫೆಯಲ್ಲಿ ಕಳೆದಿದೆ. ಸಾವು ತೋಳದ ರೂಪದಲ್ಲಿ ಸಿಳ್ಳೆ ಹಾಕುತ್ತಾ ಬರುತ್ತದೆ. ಒಂದು ಕಡೆ ಬೆಕ್ಕು ಹೆದರಿ, ಉಸಿರಾಡಲು ಆಗದೆ, ಮರಕ್ಕೆ ಒರಗಿ ಕೂರುತ್ತದೆ. ಜೊತೆಗಿದ್ದ ಸಣ್ಣ ನಾಯಿ ಏನೂ ಮಾತಾಡದೆ ಅದರ ಹೊಟ್ಟೆ ಮೇಲೆ ತಲೆ ಇಡುತ್ತದೆ. ನಾನು ಅದನ್ನು ನೋಡುವಾಗ ನಮ್ಮ ಅಜ್ಜಯ್ಯ ಆಸ್ಪತ್ರೆಯಲ್ಲಿದ್ದರು. ಮರುದಿನ ಹೋದಾಗ ನಾನು ಅವರ ಹತ್ತಿರ ಹೇಗಿದ್ದೀರಿ ಅಂತ ಕೇಳಲಿಲ್ಲ. ಸುಮ್ನೆ ಪಕ್ಕದಲ್ಲಿ ಕೂತೆ. (ಆ ತೋಳ 6 ವರ್ಷದ ಮಗುವಿಗೆ ಬೇಡ ಅಕ್ಕಾ. ದೊಡ್ಡ ಮಗಳಿಗೆ ಆದೀತು.)

ಇನ್ನೊಂದು, ಗೆಲುವು ಸೋಲು ಒಂದೇ ಮನೆಯಲ್ಲೂ ಒಂದೇ ಇರುವುದಿಲ್ಲ. 'ಟಾಯ್ ಸ್ಟೋರಿ 3' ಅಷ್ಟು ಚೆನ್ನಾಗಿ ಮುಗಿದ ಮೇಲೆ 2019ರಲ್ಲಿ ನಾಲ್ಕನೇದು ಯಾಕೆ ಬೇಕಿತ್ತು ಅಂತ ನಾನು ಇವತ್ತಿಗೂ ಕೇಳುತ್ತೇನೆ. ಮೂರನೇದರ ಹಾಗೆ ಅದಕ್ಕೂ ಆಸ್ಕರ್ ಬಂತು. ನನ್ನ ತಮ್ಮನಿಗೆ ನಾಲ್ಕನೇದೇ ಇಷ್ಟ. ಅವನು ಮೊದಲು ನೋಡಿದ್ದೇ ಅದನ್ನು.

ಸಾಗರದ ಒಬ್ಬ ತಂದೆ

ಬೆಕ್ಕಿನ ಬಾಕಿ ಅದೇ ಅಲ್ವಾ ಮಗಳೇ, ಕಳೆದ ಎಂಟು ಜೀವದ್ದು. ಆದರೆ ನೀನು ಆಸ್ಪತ್ರೆಯ ಮಾತು ಹೇಳಿದ ಮೇಲೆ ವಾದ ಮಾಡಲು ಮನಸ್ಸಿಲ್ಲ. ನಾಲ್ಕನೇದರ ವಿಷಯದಲ್ಲಿ ನಾನು ನಿನ್ನ ಕಡೆ.

ಸೊರಬದ ಒಬ್ಬ ಪ್ರಾಥಮಿಕ ಶಾಲೆ ಮೇಷ್ಟ್ರು

ಯಾರೂ ಭಾಷೆಯ ವಿಷಯ ಎತ್ತಲಿಲ್ಲ. ನಮ್ಮ ಮಕ್ಕಳಿಗೆ ಎಷ್ಟೋ ಸಲ ಸಿನಿಮಾ ಸೋತದ್ದಲ್ಲ, ಮಾತು ಕಿವಿಗೆ ಬಿದ್ದು ಮನಸ್ಸಿಗೆ ಇಳಿಯದ್ದು. ಮೊದಲ ಭಾಗವನ್ನು ಮನೆಯಲ್ಲಿ ನಾವು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತಾ ಹತ್ತು ಸಲ ತೋರಿಸಿರುತ್ತೇವೆ. ಎರಡನೇದಕ್ಕೆ ಥಿಯೇಟರಿನಲ್ಲಿ ಕತ್ತಲೆ, ಇಂಗ್ಲಿಷೋ ಹಿಂದಿಯೋ, ಪಿಸುಗುಟ್ಟಲೂ ಆಗುವುದಿಲ್ಲ. ಎರಡನ್ನೂ ತಕ್ಕಡಿಯಲ್ಲಿ ಇಟ್ಟರೆ ಯಾವುದು ತೂಗುತ್ತದೆ ಹೇಳಿ. ಎರಡನೇ ಭಾಗವನ್ನೂ ಮನೆಯಲ್ಲಿ ಇನ್ನೊಮ್ಮೆ ಅದೇ ಥರ ನೋಡಿ, ಆಮೇಲೆ ತೀರ್ಪು ಕೊಡಿ.

2023ರಲ್ಲಿ 'ಸ್ಪೈಡರ್-ಮ್ಯಾನ್: ಅಕ್ರಾಸ್ ದ ಸ್ಪೈಡರ್-ವರ್ಸ್' ನಮ್ಮ ದೇಶದಲ್ಲಿ ಹತ್ತು ಭಾಷೆಗಳಲ್ಲಿ ಬಂತು, ಕನ್ನಡವೂ ಸೇರಿ. ಅದೂ ಎರಡನೇ ಭಾಗವೇ. ಆದರೆ ಕಥೆ ಅರ್ಧಕ್ಕೆ ನಿಲ್ಲುತ್ತದೆ, ಸಣ್ಣ ಮಕ್ಕಳಿಗೆ ಮೊದಲೇ ಹೇಳಿ ಕರೆದುಕೊಂಡು ಹೋಗಿ.

2025ರಲ್ಲಿ 'ಮಹಾವತಾರ ನರಸಿಂಹ' ಕನ್ನಡದಲ್ಲೂ ಬಂದಾಗ ನಮ್ಮ ಶಾಲೆಯ ಮಕ್ಕಳು ವಾರಗಟ್ಟಲೆ ಕಂಬ ಸಿಕ್ಕಲ್ಲೆಲ್ಲ ಪ್ರಹ್ಲಾದನ ಆಟ ಆಡಿದರು. ಅಶ್ವಿನ್ ಕುಮಾರ್ ನಿರ್ದೇಶನ, ಹೊಂಬಾಳೆಯವರು ಅರ್ಪಿಸಿದ್ದು. ಮುಂದಿನದು ಪರಶುರಾಮ, 2027ಕ್ಕೆ ಅಂತ ಘೋಷಿಸಿದ್ದಾರೆ. ಇದನ್ನು ನಮ್ಮ ಕಡೆಯ ಮಕ್ಕಳು ಬೇರೆಯೇ ಥರ ಅಳೆಯುತ್ತಾರೆ ಅಂತ ನನ್ನ ನಂಬಿಕೆ. ಪರಶುರಾಮ ಕೊಡಲಿ ತೊಳೆದ ಜಾಗ ಅಂತ ತೀರ್ಥಹಳ್ಳಿಯ ತುಂಗೆಯಲ್ಲಿ ಎಳ್ಳಮಾವಾಸ್ಯೆಗೆ ಮುಳುಗು ಹಾಕಿ ಬಂದ ಮಕ್ಕಳು ಇವರು. ತಾಯಿಯ ಮೇಲೆ ಎತ್ತಿದ ಕೊಡಲಿ ಅದು. ಅದನ್ನು ಬರೀ ಹೊಡೆದಾಟವಾಗಿ ತೋರಿಸಿದರೆ, ಅಜ್ಜಿ ಹೇಳಿದ್ದು ಹೀಗಲ್ಲ ಅಂತ ನಮ್ಮ ಮಕ್ಕಳೇ ಹೇಳುತ್ತಾರೆ.

ಮಂಡಗದ್ದೆಯ ಒಬ್ಬ ತಾಯಿ

ಅಕ್ಕಾ, ನಿಮ್ಮ ಮಗಳಿಗೆ 11 ಅಂದಿರಿ. ನನ್ನ ಮಗಳಿಗೂ 2024ರಲ್ಲಿ ಅಷ್ಟೇ ವಯಸ್ಸು. ಅದಕ್ಕೇ ಬರೆಯುತ್ತಿದ್ದೇನೆ.

ಆ ವರ್ಷ ಅವಳ ಜೀವದ ಗೆಳತಿಗೆ ಗಾಜನೂರಿನ ನವೋದಯದಲ್ಲಿ ಸೀಟು ಸಿಕ್ಕಿತು. ಇವಳಿಗೆ ಸಿಗಲಿಲ್ಲ. ಇಬ್ಬರೂ ಒಟ್ಟಿಗೇ ಓದಿ ಪರೀಕ್ಷೆ ಬರೆದವರು. ಇವಳು ಅಳಲಿಲ್ಲ. ಎಲ್ಲದಕ್ಕೂ "ಪರವಾಗಿಲ್ಲ" ಅನ್ನುತ್ತಿದ್ದಳು. ರಾತ್ರಿ ಮಾತ್ರ ಎದ್ದು ಕೂರುತ್ತಿದ್ದಳು.

ದಸರಾ ರಜೆಯಲ್ಲಿ 'ಇನ್‌ಸೈಡ್ ಔಟ್ 2' ನೋಡಿದೆವು. 2015ರ ಮೊದಲನೆಯದು ಅವಳಿಗೆ ತುಂಬಾ ಇಷ್ಟ, ತಲೆಯೊಳಗೆ ಖುಷಿ, ದುಃಖ, ಸಿಟ್ಟು ಎಲ್ಲ ಒಬ್ಬೊಬ್ಬರಾಗಿ ಕೂತಿರುತ್ತಾರಲ್ಲ. ಮೊದಲನೆಯದರ ಕೊನೆಯಲ್ಲಿ ಪ್ರಾಯಕ್ಕೆ ಬರುವುದಕ್ಕೆ ಅಂತ ಒಂದು ಗುಂಡಿ ತೋರಿಸಿ, 12 ವರ್ಷ ಆಯ್ತು, ಇನ್ನೇನಾಗುತ್ತದೆ ಅಂತ ನಗಿಸಿ ಬಿಟ್ಟಿದ್ದರು. ಎರಡನೇದರಲ್ಲಿ ಆ ಹುಡುಗಿ ರೈಲಿಗೆ 13. ಗೆಳತಿಯರು ಬೇರೆ ಹೈಸ್ಕೂಲಿಗೆ ಹೋಗುತ್ತಾರೆ ಅಂತ ಗೊತ್ತಾಗುತ್ತದೆ. ಆತಂಕ ಅನ್ನುವ ಕಿತ್ತಳೆ ಬಣ್ಣದ ಪಾತ್ರ ಬಂದು ಎಲ್ಲವನ್ನೂ ತನ್ನ ಕೈಗೆ ತೆಗೆದುಕೊಳ್ಳುತ್ತದೆ. ಕೊನೆಗೆ ಹಾಕಿ ಆಟದ ಮಧ್ಯೆ ರೈಲಿಗೆ ಎದೆ ಹೊಡೆದುಕೊಂಡು ಉಸಿರೇ ಸಿಗದ ಹಾಗಾಗುತ್ತದೆ.

ಮಗಳು ಅಲ್ಲಿ ನಿಲ್ಲಿಸು ಅಂದಳು. "ಅಮ್ಮಾ, ನಂಗೆ ಆಗೋದು ಇದೇ" ಅಂದಳು.

ನಾಲ್ಕು ತಿಂಗಳಿಂದ ನಾನು ಕೇಳುತ್ತಿದ್ದೆ, ಅವಳ ಹತ್ತಿರ ಹೆಸರಿರಲಿಲ್ಲ. ಅವತ್ತು ಸಿಕ್ಕಿತು. ಮರುವಾರ ಡಾಕ್ಟರ ಹತ್ತಿರ ಮಾತಾಡಿದೆವು, ಈಗ ಆರಾಮಾಗಿದ್ದಾಳೆ. ಒಂದು ಭಾನುವಾರ ಗೆಳತಿಯನ್ನು ನೋಡಲು ನವೋದಯಕ್ಕೂ ಹೋಗಿ ಬಂದೆವು. ಆ ಸಿನಿಮಾ ಎಷ್ಟು ಗಳಿಸಿತು ಅಂತ ಆಮೇಲೆ ಓದಿದೆ, ಮೊದಲನೆಯದಕ್ಕಿಂತ ಬಹಳ ಜಾಸ್ತಿ. ಗಳಿಸಲಿ. ನನ್ನ ಮಟ್ಟಿಗೆ ಅದು ಇನ್ನಷ್ಟು ಗಳಿಸಬೇಕಿತ್ತು.

ನಿಮ್ಮ ಮಗಳಿಗೆ ತೋರಿಸಿ. ಮೊದಲನೆಯದನ್ನು ಹಿಂದಿನ ವಾರ ಇನ್ನೊಮ್ಮೆ ನೋಡಿಸಿ, ಆಮೇಲೆ ಎರಡನೇದು. ಪಕ್ಕದಲ್ಲೇ ಕೂತಿರಿ.

ಕೇಳಿದವರು

ಎಲ್ಲರಿಗೂ ತುಂಬಾ ಧನ್ಯವಾದ. ಮಂಡಗದ್ದೆಯ ತಂಗಿ ಹೇಳಿದ ಹಾಗೆ ಎರಡೂ 'ಇನ್‌ಸೈಡ್ ಔಟ್' ನೋಡಿದೆವು. ಮಗಳು ಹೆಚ್ಚು ಮಾತಾಡಲಿಲ್ಲ. ಆದರೆ ಮರುದಿನ ಕಸ ಗುಡಿಸುತ್ತಿದ್ದ ನನ್ನ ಹತ್ತಿರ ಬಂದು, ತನಗೆ ಯಾವುದರ ಹೆದರಿಕೆ ಅಂತ ಮೂರು ವಿಷಯ ಹೇಳಿದಳು. ಅವು ಇಲ್ಲಿ ಬರೆಯುವಂಥವಲ್ಲ.

'ಮೊಆನಾ 2' ಕೂಡ ಮನೆಯಲ್ಲಿ ಇನ್ನೊಮ್ಮೆ ನೋಡಿದೆವು, ಮೇಷ್ಟ್ರು ಹೇಳಿದ್ದಕ್ಕೆ, ಕನ್ನಡದಲ್ಲಿ ಹೇಳುತ್ತಾ. ಈ ಸಲ ಮಗನಿಗೆ ಜಾಸ್ತಿ ಹಿಡಿಸಿತು. ಅಡಿಕೆ ಹಾಳೆಯ ದೋಣಿಯಲ್ಲಿ ಈಗ ಒಂದು ಹುಂಜವೂ ಇದೆ, ನಮ್ಮ ಕೊಟ್ಟಿಗೆಯದು. ಮಗಳ ಹತ್ತಿರ ಸಾಗರದ ಅಣ್ಣನ ಬಾಕಿಯ ಮಾತು ಹೇಳಿ, ನಿನಗೆ ಏನು ಬಾಕಿ ಅನಿಸಿತು ಅಂತ ಕೇಳಿದೆ. ಅವಳು ತಡ ಮಾಡಲೇ ಇಲ್ಲ. "ತಂಗಿ ಇದ್ದಾಳಲ್ಲ ಅಮ್ಮಾ, ಸಿಮಿಯಾ. ಅಕ್ಕ ಹೋದ ಮೇಲೆ ಅವಳು ಮನೇಲಿ ಏನ್ ಮಾಡ್ತಿದ್ಲು? ಅವಳದ್ದು ತೋರಿಸ್ಲೇ ಇಲ್ಲ" ಅಂದಳು.

ನಿನ್ನೆ ಸಂಜೆ ಜಗಲಿಯಿಂದ ನೋಡುತ್ತಿದ್ದೆ. ಹಾಳೆಯ ಮೇಲೆ ತಮ್ಮ ಕೂತಿದ್ದ, ಅವನೇ ಮೊಆನಾ. ಇವಳು ಎಳೆಯುತ್ತಿದ್ದಳು.